ಗೋಕೆ ಮೇಷ್ಟ್ರ ಎರಡಕ್ಷರ

ಈ ವರ್ಷ ಇಸೆಯಿನ್ ಊರಿನಲ್ಲಿ ಅನುವಂಶೀಯತೆ ಗೊತ್ತಿಲ್ಲದ ಒಂದು ಮೇಕೆಯೂ ಉಳಿಯಕೂಡದು ಎಂದು ಗೋಕೆ ಮೇಷ್ಟ್ರು ಸೋಮವಾರ ಬೆಳಿಗ್ಗೆ ಶಪಥ ಮಾಡಿದರು. ಕನ್ನಡಿಯ ಮುಂದೆ ನಿಂತು, ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ಸೋಪು ಬಳಿದುಕೊಂಡು ಮಾಡಿದ ಶಪಥ ಅದು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಅವರ ಶಿಷ್ಯನೊಬ್ಬ "ಅನುವಂಶೀಯತೆ ಎಂದರೆ ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಮಾಡುವ ಜಗಳ" ಎಂದು ಬರೆದಿದ್ದ. ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಕಲಿಸಿದ ಮಹಾನುಭಾವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

"ಮೇಕೆಗೆ ಯಾಕೆ ಆ ಕಷ್ಟ?" ಎಂದಳು ಹೆಂಡತಿ ಮೊರೆನಿಕೆ, ಅಡುಗೆಮನೆಯಿಂದ. "ಅಪ್ಪ ಯಾರು ಅಂತ ಗೊತ್ತಿಲ್ದೇನೇ ಅದು ಚೆನ್ನಾಗಿ ಮೇಯ್ತಾ ಇದೆ."

ಮೇಷ್ಟ್ರು ಉಳಿದರ್ಧ ಗಡ್ಡ ಹೆರೆದುಕೊಂಡರು. ಮಹಾಕಾರ್ಯಕ್ಕೆ ಹೊರಟವರು ಅಡುಗೆಮನೆಗೆ ಉತ್ತರ ಕೊಡುತ್ತಾ ಕೂರುವುದಿಲ್ಲ.

ತರಗತಿಯಲ್ಲಿ ಪುಸ್ತಕವನ್ನು ಮಡಿಸಿ ಮೇಜಿನ ಮೇಲೆ ಬಡಿದರು. ಪುಸ್ತಕದಲ್ಲಿ ಬಟಾಣಿ ಗಿಡದ ಚಿತ್ರವಿತ್ತು. ಇಸೆಯಿನ್‌ನಲ್ಲಿ ಬಟಾಣಿ ಗಿಡ ಕಂಡವರು ಯಾರು? ಬಟಾಣಿ ಬೇಡ, ನಿಮ್ಮ ನಿಮ್ಮ ರಕ್ತವೇ ಪುಸ್ತಕ ಎಂದು ಸಾರಿ, ಬೋರ್ಡಿನ ಮೇಲೆ ಎರಡು ಅಕ್ಷರ ಬರೆದರು. ಎ, ಎಸ್. ಪ್ರತಿಯೊಬ್ಬ ಮನುಷ್ಯನ ಬಳಿಯೂ ಈ ಅಕ್ಷರಗಳಲ್ಲಿ ಎರಡಿವೆ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಎಎ ಇದ್ದರೆ ನಿಶ್ಚಿಂತೆ. ಎಎಸ್ ಇದ್ದರೂ ತೊಂದರೆಯಿಲ್ಲ, ಅವನು ಫುಟ್‌ಬಾಲ್ ಆಡುತ್ತಾನೆ, ಅಜ್ಜನಾಗುತ್ತಾನೆ. ಆದರೆ ಅವನ ಜೇಬಿನಲ್ಲಿ ಒಂದು ಕುಡುಗೋಲು ಅಡಗಿದೆ. ಅಂಥ ಇಬ್ಬರು ಮದುವೆಯಾದರೆ ಎರಡು ಕುಡುಗೋಲೂ ಒಂದೇ ಮಗುವಿನ ಪಾಲಿಗೆ ಬರಬಹುದು. ಆಗ ಎಸ್ಎಸ್. ರಕ್ತದ ಕಣಗಳೇ ಕುಡುಗೋಲಿನ ಹಾಗೆ ಬಾಗಿ, ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆಮೂಳೆಯೂ ಅಳುತ್ತದೆ. ನಾಲ್ಕರಲ್ಲಿ ಒಂದು ಸಾಧ್ಯತೆ. ಮೂರು ಮಕ್ಕಳು ಚೆನ್ನಾಗಿ ಹುಟ್ಟಿದರೆ ನಾಲ್ಕನೆಯದರ ಸರದಿ ಎಂದಲ್ಲ. ಪ್ರತಿ ಮಗುವಿಗೂ ಕವಡೆಯನ್ನು ಹೊಸದಾಗಿ ಎಸೆಯಲಾಗುತ್ತದೆ.

ನಲವತ್ತೆರಡು ಮಕ್ಕಳೂ ಸುಮ್ಮನೆ ಕುಳಿತಿದ್ದರು. ಅಂಥ ಮಗು ನರಳುವ ಒಂದು ಹಾಸಿಗೆಯನ್ನು ತಮ್ಮ ಓಣಿಯಲ್ಲಿ ನೋಡದವರು ಆ ಕೋಣೆಯಲ್ಲಿ ಕಡಿಮೆ.

ಮೌನ ಹೆಚ್ಚಾಯಿತು ಎನ್ನಿಸಿ ಮೇಷ್ಟ್ರು ತಮಾಷೆಗೆ ಇಳಿದರು. ತಾನು ಎಎ, ಹೆಂಡತಿ ಎಎ, ಹಾಗಾದರೆ ಮಗಳು? ಎಎ, ಎಂದಿತು ತರಗತಿ. ಎಸ್ ಬರಲು ಸಾಧ್ಯವೇ? ಇಲ್ಲ. ಒಂದು ವೇಳೆ ಬಂದರೆ?

ತರಗತಿ ಪೆನ್ನು ಕಚ್ಚಿಕೊಂಡು ಕೂತಿತು.

"ಉತ್ತರ ತಪ್ಪು ಬಂದ್ರೆ, ಪ್ರಶ್ನೆ ಸರಿಯಾಗಿ ಬರ್ಕೊಂಡಿದ್ದೀರಾ ಅಂತ ಮೊದ್ಲು ನೋಡಿ. ಪ್ರಶ್ನೆ ಸರಿ ಇದ್ರೆ," ಮೇಷ್ಟ್ರು ಹುಬ್ಬು ಹಾರಿಸಿದರು, "ಗಂಡನ ನೋಟ್‌ಬುಕ್ಕಲ್ಲಿ ಬೇರೆಯವರ ಕೈಬರಹ ಸೇರಿದೆ ಅಂತ ಅರ್ಥ."

ತರಗತಿ ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವಳು ಮೊದಲ ಬೆಂಚಿನ ಇಯಾನು ಒಬ್ಬಳೇ. ಅವಳು ಚರ್ಚಿನ ಪ್ರಾರ್ಥನೆ, ಫೈಲು ಎಲ್ಲ ನೋಡಿಕೊಳ್ಳುವ ಡೀಕನ್ ಫಡಿಪೆಯವರ ಮಗಳು. ತಮಾಷೆಯನ್ನೂ ಬಿಡದೆ ನೋಟ್ಸಿನಲ್ಲಿ ಬರೆದುಕೊಂಡು, ಅಡಿಗೆರೆ ಎಳೆದಳು.

ಮೇಷ್ಟ್ರ ಒಬ್ಬಳೇ ಮಗಳು ಅರಿನೊಲಾಗೆ ಇಪ್ಪತ್ತನಾಲ್ಕು ವರ್ಷ. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಕರೆಂಟಿನ ಕೆಲಸ ಮಾಡುವ ಕೊಲಾವೊಲೆ ಎಂಬ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ನೆಂಟರಿಷ್ಟರೆಲ್ಲ ಒಂದೇ ಬಣ್ಣದ ಬಟ್ಟೆ ಹೊಲಿಸಿ ಇಸ್ತ್ರಿ ಹಾಕಿಸಿ ಕಾಯುತ್ತಿದ್ದರು. ಆದರೆ ಗಂಡು ಹೆಣ್ಣು ಇಬ್ಬರದೂ ರಕ್ತದ ಕಾಗದ ಫೈಲಿಗೆ ಸೇರದೆ ಚರ್ಚಿನಲ್ಲಿ ಮದುವೆ ನಡೆಯುವುದಿಲ್ಲ. ಮಗಳಿಗೆ ಪರೀಕ್ಷೆ ಅನಗತ್ಯ, ತಾನೇ ಬರೆದುಕೊಡುತ್ತೇನೆ ಎಂದರು ಮೇಷ್ಟ್ರು. ಶಾಲೆಯ ಫಾರಂ, ಹಾಸ್ಟೆಲಿನ ಫಾರಂ, ಎಲ್ಲದರಲ್ಲೂ ಅವಳ ಹೆಸರಿನ ಮುಂದೆ ಎಎ ಎಂದು ಅವರೇ ತುಂಬಿಸಿದ್ದರಲ್ಲ! ಡೀಕನ್ ಫಡಿಪೆ ಒಪ್ಪಲಿಲ್ಲ. ಲ್ಯಾಬಿನ ಸೀಲು ಬೇಕು ಎಂದರು.

ಬುಧವಾರ ಸಂಜೆ ಅರಿನೊಲಾ ಕಾಗದ ತಂದು ಊಟದ ಮೇಜಿನ ಮೇಲೆ, ಕುಟ್ಟಿದ ಗೆಣಸಿನ ತಟ್ಟೆಯ ಪಕ್ಕದಲ್ಲಿಟ್ಟಳು. ಎಎಸ್.

ಅವಳಿಗೇನೂ ಗಾಬರಿಯಿರಲಿಲ್ಲ. ಕೊಲಾವೊಲೆ ಎಎ, ಆದ್ದರಿಂದ ಹುಟ್ಟುವ ಮಕ್ಕಳಿಗೆ ಭಯವಿಲ್ಲ. ಮೊರೆನಿಕೆ ಕೈ ಒರೆಸಿಕೊಂಡು ಕಾಗದ ಓದಿದಳು. ಇನ್ನೊಮ್ಮೆ ಓದಿದಳು. "ಹ್ಞೂಂ" ಎಂದಳು. ಆಮೇಲೆ ಗಂಡನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೀಗೆ ಕೇಳದೆ ಸಾರು ಬಿದ್ದದ್ದಿಲ್ಲ. ಮೇಷ್ಟ್ರಿಗೆ ಕುಳಿತ ಕುರ್ಚಿಯಲ್ಲಿ ಮುಳ್ಳು ಮೂಡಿತು.

ಯಾಕೆಂದರೆ ಆ ಎಸ್ ಎಲ್ಲಿಂದ ಬಂತು ಎಂದು ಅವರಿಗೆ ಆ ಕ್ಷಣವೇ ಗೊತ್ತಾಗಿತ್ತು.

ಇಪ್ಪತ್ತಾರು ವರ್ಷದ ಹಿಂದೆ ತಮ್ಮ ಮದುವೆಗೆ ಇದೇ ಚರ್ಚು ಇದೇ ಕಾಗದ ಕೇಳಿತ್ತು. ತರುಣ ಗೋಕೆ ಲ್ಯಾಬಿಗೆ ಹೋದದ್ದು ನಿಜ. ತಟ್ಟೆಯಲ್ಲಿ ಸೂಜಿ ಹೊಳೆದದ್ದೂ ನಿಜ. ಆಮೇಲೆ ನಡೆದದ್ದು ಏನೆಂದರೆ, ಕಪ್ಪೆ, ಇಲಿ, ಮೊಲ ಎಲ್ಲವನ್ನೂ ಕೈ ನಡುಗದೆ ಕೊಯ್ಯುತ್ತಿದ್ದ ಆ ವೀರ ಹಿಂಬಾಗಿಲಿನಿಂದ ಓಟಕಿತ್ತ. ತನ್ನ ಬದಲು ಗೆಳೆಯ ಲಾಡಿಪೊನನ್ನು ತನ್ನ ಹೆಸರಿನಲ್ಲಿ ಕಳಿಸಿದ. ಎರಡು ತಟ್ಟೆ ಅಮಲಾ ಮುದ್ದೆಯ ಊಟಕ್ಕೆ ಲಾಡಿಪೊ ತೋಳು ಚಾಚಿದ. ಎಎ ಎಂಬ ಕಾಗದ ಬಂತು. ಮೊದಲ ಒಂದೆರಡು ವರ್ಷ ಅದು ಲಾಡಿಪೊನ ರಕ್ತ ಎಂಬ ನೆನಪಿತ್ತು. ಆಮೇಲೆ ಸೀಲು ಬಿದ್ದ ಸುಳ್ಳು ಚೆನ್ನಾಗಿ ನೆರಳಿನಲ್ಲಿ ಒಣಗಿ ಸತ್ಯವೇ ಆಗಿಹೋಯಿತು. ತಾನು ಎಎ ಎಂದು ಮಕ್ಕಳಿಗೆ ಪಾಠ ಮಾಡುವಾಗ ಮೇಷ್ಟ್ರ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ.

ಈಗ ಅಲ್ಲೇ, ಆ ಸಾರಿನ ಮುಂದೆಯೇ ಹೇಳಿಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಮೇಷ್ಟ್ರು ಬಾಯಿ ತೆರೆದರು. ಬಾಯಿಂದ ಬಂದದ್ದು, "ಲ್ಯಾಬಿನವನು ತಪ್ಪು ಮಾಡಿದ್ದಾನೆ!"

ಗುರುವಾರ ಮಗಳನ್ನು ಎರಡನೆಯ ಲ್ಯಾಬಿಗೆ ಎಳೆದುಕೊಂಡು ಹೋದರು. ಎಎಸ್. ಶುಕ್ರವಾರ ಮೂರನೆಯದು. ಅಲ್ಲಿಯೂ ಎಎಸ್. ಪ್ರತಿ ಲ್ಯಾಬಿನ ಬಾಗಿಲಲ್ಲೂ ಇದು ವಿಜ್ಞಾನಕ್ಕೇ ಸವಾಲು ಎಂದು ಗಟ್ಟಿಯಾಗಿ ವಾದಿಸಿದರು. ಮುಚ್ಚಿಡಬೇಕಾದ್ದನ್ನು ಮೈಕು ಹಿಡಿದು ಸಾರಿದ ಹಾಗಾಯಿತು. ಸಾಲಿನಲ್ಲಿ ಕುಳಿತಿದ್ದ ಹೆಂಗಸರು ಮಕ್ಕಳನ್ನು ಮಡಿಲಿಂದ ಇಳಿಸಿ ಕಿವಿಗೊಟ್ಟರು.

"ಅಪ್ಪಾ, ನನ್ನ ರಕ್ತ ಮುಗಿಯುತ್ತೆ ಅಷ್ಟೆ, ಅಕ್ಷರ ಬದಲಾಗಲ್ಲ," ಎಂದಳು ಅರಿನೊಲಾ. ತೋಳಿನಲ್ಲಿ ಮೂರು ಪ್ಲಾಸ್ಟರು. ಸೂಜಿ ಚುಚ್ಚುವಾಗ ಅವಳು ಕಣ್ಣೂ ಮಿಟುಕಿಸಿರಲಿಲ್ಲ. ಗೋಡೆಯ ಕಡೆ ತಿರುಗಿ ನಿಂತಿದ್ದವರು ಮೇಷ್ಟ್ರು.

ಅಲ್ಲಿಂದ ಶುರುವಾಯಿತು ತಿಗಣೆ ಕಡಿತದಂಥ ಕಾಟ. ಆ ಸೀಮೆಯಲ್ಲಿ ಮಕ್ಕಳು ಹುಟ್ಟಿದ ಮೇಲೆ ಯಾರನ್ನೂ ಅವರ ಹೆಸರಿನಿಂದ ಕರೆಯುವುದಿಲ್ಲ. ಮೊರೆನಿಕೆ ಇಡೀ ಪೇಟೆಗೆ ಇಯಾ ಅರಿನೊಲಾ, ಅರಿನೊಲಾಳ ತಾಯಿ. ಗೋಕೆ ಮೇಷ್ಟ್ರು ಬಾಬಾ ಅರಿನೊಲಾ, ಅರಿನೊಲಾಳ ತಂದೆ. ಇಪ್ಪತ್ತನಾಲ್ಕು ವರ್ಷ ಈ ಹೆಸರು ಅವರ ಬೆನ್ನಿಗೆ ಎಣ್ಣೆ ಹಚ್ಚಿದ ಹಾಗೆ ಹಿತವಾಗಿತ್ತು. ಈಗ ಬೀದಿಗಿಳಿದರೆ ಸಾಕು. ಬ್ರೆಡ್ಡಿನವಳು "ಬಾಬಾ ಅರಿನೊಲಾ, ನಮಸ್ಕಾರ" ಎನ್ನುವಳು, ಹೆಸರಿನ ಕೊನೆಯನ್ನು ಒಂದಿಷ್ಟು ಎಳೆದಂತೆ ಕೇಳುವುದು. ಟೈರಿಗೆ ಗಾಳಿ ಹಾಕುವವನು "ಬಾಬಾ ಅರಿನೊಲಾ" ಎಂದು ಕೆಮ್ಮುವನು. ಅವನಿಗೆ ನಿಜಕ್ಕೂ ನೆಗಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಮೇಷ್ಟ್ರು ಮುಂದಿನ ಬೀದಿ ಬಿಟ್ಟು ಹಿಂದಿನ ಬೀದಿ ಹಿಡಿದರು, ಹಿಂದಿನದನ್ನೂ ಬಿಟ್ಟು ಚರಂಡಿಯ ಅಂಚು ಹಿಡಿದರು.

ಅವರಿಗೆ ಹೀಗೆ ಅಡಗಲು ಚರಂಡಿಯಾದರೂ ಇತ್ತು. ಮೊರೆನಿಕೆಗೆ ಎಲ್ಲಿದೆ? ಅವಳದು ನಡು ಪೇಟೆಯಲ್ಲಿ ಬಟ್ಟೆ ಅಂಗಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಕೂರಬೇಕು. ದಿನಾ ಹರಟಲು ಬರುತ್ತಿದ್ದವರು ಎದುರಿನ ಅಂಗಡಿಯಲ್ಲಿ ನಿಂತು ಇತ್ತ ನೋಡಿ ಮಾತು ನಿಲ್ಲಿಸಿದರು. ಒಬ್ಬಳು ಅರಿನೊಲಾಳ ಮೂಗು ಯಾರ ಹಾಗಿದೆ ಎಂದು ಲೆಕ್ಕ ಹಾಕಿದಳಂತೆ. ಇನ್ನೊಬ್ಬಳು ಆ ಮನೆಯಲ್ಲಿದ್ದ ಹಳೆಯ ಬಾಡಿಗೆದಾರರ ಪಟ್ಟಿಯನ್ನೇ ತೆಗೆದಳಂತೆ. ಮೊರೆನಿಕೆ ಬಟ್ಟೆಯ ಥಾನುಗಳನ್ನು ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ, ಕತ್ತರಿಯ ಬಾಯಿಯನ್ನು ಅಂಗಡಿ ಮುಂದಿನ ಕಲ್ಲಿಗೆ ಉಜ್ಜುತ್ತಿದ್ದಳು. ಮನೆಗೆ ಬಂದರೆ ಸಾರು ಮಾತ್ರ ಎರಡು ಸೌಟು.

ಸೋಮವಾರ ತರಗತಿಗೆ ಹೋದರೆ ಬೋರ್ಡಿನ ಮೇಲೆ ಹಿಂದಿನ ವಾರದ ಎರಡಕ್ಷರ ಹಾಗೇ ಇತ್ತು. ಮೇಷ್ಟ್ರು ಅದನ್ನು ತೋಳಿನಿಂದಲೇ ಒರೆಸಿ, ಇವತ್ತು ಕಪ್ಪೆಯ ಪಾಠ ಎಂದರು.

"ಸಾರ್, ಕಪ್ಪೆ ಮುಗಿದು ಮೂರು ತಿಂಗಳಾಯ್ತು," ಎಂದಳು ಇಯಾನು.

"ಇನ್ನೊಂದು ಕಪ್ಪೆ," ಎಂದರು ಮೇಷ್ಟ್ರು.

ಅಷ್ಟರಲ್ಲಿ ಇಯಾನುವಿನ ನೋಟ್‌ಬುಕ್ ಅವಳ ಮನೆಯಲ್ಲಿ ಕೆಲಸ ಮಾಡಿ ಮುಗಿಸಿತ್ತು. ಅವಳು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುವ ಹುಡುಗಿ. ಎಎ ಎಎ ಸೇರಿದರೆ ಎಸ್ ಬಾರದು, ಬಂದರೆ ಬೇರೆಯವರ ಕೈಬರಹ. ಪಕ್ಕದ ಕೋಣೆಯಲ್ಲಿದ್ದ ಡೀಕನ್ ಫಡಿಪೆ ಕನ್ನಡಕ ಏರಿಸಿ, ಚರ್ಚಿನ ಹಳೆಯ ಫೈಲು ತೆಗೆದರು. ಒಲಾಗೋಕೆ, ಅಂದರೆ ನಮ್ಮ ಗೋಕೆ ಮೇಷ್ಟ್ರು, ಎಎ. ಮೊರೆನಿಕೆ, ಎಎ. ಮಗಳು, ಎಎಸ್.

ಮಂಗಳವಾರ ಅವರು ಮೇಷ್ಟ್ರ ಮನೆಗೆ ಬಂದು, ಕೊಟ್ಟ ನೀರು ಕುಡಿದು, ತುಂಬ ದುಃಖದಿಂದ ಮಾತಾಡಿದರು. ಮದುವೆಯನ್ನು ನಿಲ್ಲಿಸುತ್ತಿಲ್ಲ, ತಡೆ ಹಿಡಿದಿದ್ದೇವೆ ಅಷ್ಟೆ ಎಂದರು. "ತಾಯಿ ವಿಷಯ ಒಂದು ಇತ್ಯರ್ಥ ಆಗ್ಬಿಡ್ಲಿ. ಭಾನುವಾರ ಪ್ರಾರ್ಥನೆ ಆದ್ಮೇಲೆ ಎರಡೂ ಕಡೆಯವರು ಕೂತು ಮಾತಾಡೋಣ. ನಾವೆಲ್ಲ ಮನುಷ್ಯರೇ." ಹೀಗೆ ಹೇಳುವಾಗ ಅವರ ಕಣ್ಣು ಮೊರೆನಿಕೆಯ ಮೇಲಿತ್ತು.

ನೋಡಿ, ಇದ್ದದ್ದು ಮೂರು ಕಾಗದ. ಮಗಳ ಕಾಗದವನ್ನು ಮೂರು ಸಲ ಚುಚ್ಚಿ ನೋಡಿದರು. ಹೆಂಡತಿಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಗಂಡನ ಕಾಗದವನ್ನು ಯಾರೂ ಮುಟ್ಟಲಿಲ್ಲ. ಅದು ಗಂಡಸಿನ ಕಾಗದ. ಅದರ ಮೇಲೆ ಧೂಳು ಕೂತರೆ ಅದಕ್ಕೂ ಒಂದು ಗೌರವ!

ಬುಧವಾರ ಮೇಷ್ಟ್ರು ಶಾಲೆ ಬಿಟ್ಟವರೇ ಬಸ್ ನಿಲ್ದಾಣಕ್ಕೆ ಓಡಿದರು. ಅಲ್ಲಿ ಲಾಡಿಪೊ ಬಸ್ಸುಗಳಿಗೆ ಟಿಕೆಟ್ ಹರಿಯುವ ಕೆಲಸದಲ್ಲಿದ್ದ. ವಿಷಯ ಕೇಳಿ ಅವನು ಬೆಂಚಿನ ಮೇಲೆ ಮಲಗಿಕೊಂಡು ನಕ್ಕ.

"ಹಾಗಾದ್ರೆ ಕಾಗದದ ಪ್ರಕಾರ ಮೊರೆನಿಕೆನ ಮದುವೆ ಆಗಿರೋನು ನಾನು. ಇಪ್ಪತ್ತಾರು ವರ್ಷ ನನ್ನ ಹೆಂಡತಿ ಕೈಯಡುಗೆ ನೀನು ತಿಂದೆಯಲ್ಲೋ ಗೋಕೆ."

"ನಗಬೇಡ. ಏನಾದ್ರೂ ದಾರಿ ಹೇಳು."

"ದಾರಿ ಮನೆಗೇ ಹೋಗುತ್ತೆ. ಹೋಗಿ ಅವಳಿಗೆ ಹೇಳು."

"ಅದಲ್ಲದೆ ಬೇರೆ?"

ಲಾಡಿಪೊ ನಗು ನಿಲ್ಲಿಸಿ ಎದ್ದು ಕೂತ. "ಬೇರೆ ದಾರಿ ಕೇಳ್ತಿದ್ದೀಯಲ್ಲ, ಅಲ್ಲಿ ಪೇಟೆಲಿ ಕೂತಿರೋಳು ಅವಳು ಕಣೋ."

ಈ ಮಾತು ಎದೆಗೆ ನಾಟಿತು. ನಾಟಿದ್ದು ಮನೆ ತಲುಪುವವರೆಗೆ ಉಳಿಯಲಿಲ್ಲ. ಬಾಗಿಲಲ್ಲಿ ನಿಂತು, ಚಪ್ಪಲಿ ಕಳಚಿ, ಮತ್ತೆ ಹಾಕಿಕೊಂಡು, ಮತ್ತೆ ಕಳಚಿ, ಮೇಷ್ಟ್ರು ಒಂದು ಸಲಹೆ ಕೊಟ್ಟರು. ಬಹುಶಃ ಮೊರೆನಿಕೆಯ ಹಳೆಯ ಕಾಗದವೇ ತಪ್ಪಿರಬಹುದು. ಅವಳೇ ಎಎಸ್ ಇರಬಹುದು. ಇನ್ನೊಮ್ಮೆ ಚುಚ್ಚಿಸಿಕೊಂಡರೆ ಎಲ್ಲರ ಬಾಯಿ ಮುಚ್ಚುತ್ತದೆ.

ಮೊರೆನಿಕೆ ಆ ಚಪ್ಪಲಿಗಳನ್ನು ಎತ್ತಿ ಮೂಲೆಗಿಟ್ಟಳು. ಗುರುವಾರ ಅಂಗಡಿಗೆ ಬೀಗ ಹಾಕಿ ಹೋಗಿ ಚುಚ್ಚಿಸಿಕೊಂಡು ಬಂದಳು. ಎಎ. ಕಾಗದವನ್ನು ಮಗಳ ಮೂರು ಕಾಗದಗಳ ಪಕ್ಕದಲ್ಲಿ ಇಟ್ಟಳು.

"ಈ ಮನೇಲಿ ಇನ್ನು ತೂತಾಗದೆ ಇರೋ ತೋಳು ಒಂದೇ," ಎಂದು ಒಳಗೆ ಹೋದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಎರಡೂ ಕಡೆಯವರು ಕೂತರು. ಕೊಲಾವೊಲೆಯ ಸೋದರತ್ತೆ ತಲೆಗೆ ಗೋಪುರದಂಥ ರುಮಾಲು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿದ್ದಳು. ಇಯಾನು ಹಾಡಿನ ಪುಸ್ತಕ ಜೋಡಿಸುವ ನೆಪದಲ್ಲಿ ಮೂಲೆಯಲ್ಲಿ ನಿಂತಿದ್ದಳು. ಫಡಿಪೆ ಫೈಲು ಬಿಚ್ಚಿ, ಗಂಟಲು ಸರಿಮಾಡಿಕೊಂಡರು.

"ಇಯಾ ಅರಿನೊಲಾ, ಇಲ್ಲಿ ಯಾರೂ ಕಲ್ಲೆಸೆಯೋರಿಲ್ಲ. ಏನಾದ್ರೂ ಹೇಳೋದಿದ್ರೆ ಹೇಳ್ಬಿಡಮ್ಮ."

ಮೊರೆನಿಕೆ ಎದ್ದು ನಿಂತಳು. ತಿರುಗಿ ಗಂಡನ ಕಡೆ ನೋಡಿದಳು. ಸುಮ್ಮನೆ, ಅಂಗಡಿಯಲ್ಲಿ ಗಿರಾಕಿ ಬಟ್ಟೆ ಆರಿಸಲಿ ಎಂದು ಕಾಯುವ ಹಾಗೆ.

ಮೇಷ್ಟ್ರು ಚೇಳು ಕುಟುಕಿದಂತೆ ಎದ್ದರು. ಎದ್ದು ಭಾಷಣ ಶುರುಮಾಡಿದರು! ಪ್ರಕೃತಿ ಮಹಾ ವಿಚಿತ್ರ. ಲಕ್ಷಾಂತರ ಜನರಲ್ಲಿ ಎಲ್ಲೋ ಒಬ್ಬರಲ್ಲಿ ಅಕ್ಷರ ತನ್ನಷ್ಟಕ್ಕೆ ತಾನೇ ಬದಲಾಗುವುದುಂಟು. ಅದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಬಿಸಿಲು ಕಾರಣವಿರಬಹುದು, ಹೊಗೆ ಕಾರಣವಿರಬಹುದು. ಹತ್ತು ನಿಮಿಷ ಹೀಗೆ ನಡೆಯಿತು. ಸೋದರತ್ತೆಯ ರುಮಾಲು ನಿದ್ದೆಯಲ್ಲಿ ವಾಲತೊಡಗಿತ್ತು. ಮೂಲೆಯಿಂದ ಒಂದು ಕೈ ಮೇಲೆದ್ದಿತು.

"ಸಾರ್," ಎಂದಳು ಇಯಾನು, "ಉತ್ತರ ತಪ್ಪು ಬಂದ್ರೆ ಪ್ರಶ್ನೆ ಸರಿಯಾಗಿ ಬರ್ಕೊಂಡಿದ್ದೀವಾ ಅಂತ ಮೊದ್ಲು ನೋಡಿ ಅಂದಿದ್ರಿ. ಅಮ್ಮಂದು ಇನ್ನೊಂದ್ಸಲ ನೋಡಿದ್ರು, ಅಕ್ಕಂದು ಮೂರು ಸಲ ನೋಡಿದ್ರು. ನಿಮ್ಮದು ಯಾರಾದ್ರೂ ನೋಡಿದ್ರಾ?"

ಎಲ್ಲ ತಲೆಗಳೂ ಗದ್ದೆಯ ಪೈರಿನ ಹಾಗೆ ಒಂದೇ ಕಡೆಗೆ ವಾಲಿದವು. ಇಪ್ಪತ್ತಾರು ವರ್ಷದ ಹಿಂದಿನ ಹಿಂಬಾಗಿಲು ಎಲ್ಲಿದೆ ಎಂದು ಮೇಷ್ಟ್ರ ಕಣ್ಣು ಹುಡುಕಿತು. ಬಾಗಿಲಿತ್ತು. ಅದರ ಮುಂದೆ ಮೊರೆನಿಕೆ ನಿಂತಿದ್ದಳು.

"ಅದು ನನ್ನ ರಕ್ತ ಅಲ್ಲ," ಎಂದರು ಮೇಷ್ಟ್ರು. "ಲಾಡಿಪೊ ರಕ್ತ."

"ಅಯ್ಯೋ, ಟಿಕೆಟ್ ಹರಿಯೋ ಲಾಡಿಪೊನಾ?" ಎಂದು ಸೋದರತ್ತೆ ಪೂರ್ತಿ ಎಚ್ಚರಗೊಂಡಳು. ಹಾಲಿಗೆ ಹಾಲೇ ಉಸಿರೆಳೆದುಕೊಂಡಿತು. ಡೀಕನ್ ಫಡಿಪೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಸತ್ಯ ಹೇಳುವ ಅಭ್ಯಾಸವಿಲ್ಲದವರು ಹೇಳಲು ಹೋದರೆ ಹೀಗೆಯೇ, ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ಸುಡುತ್ತದೆ.

"ಕಾಗದದಲ್ಲಿರೋ ರಕ್ತ, ಅತ್ತೆ, ಮಗಳಲ್ಲಿರೋದಲ್ಲ," ಎಂದಳು ಮೊರೆನಿಕೆ, ಒಂಚೂರೂ ದನಿ ಏರಿಸದೆ. "ಬಾಬಾ ಅರಿನೊಲಾ, ಮೊದಲಿಂದ ಹೇಳಿ. ನಿಧಾನವಾಗಿ. ಕ್ಲಾಸಲ್ಲಿ ಹೇಳೋ ಹಾಗೆ."

ಮೇಷ್ಟ್ರು ಹೇಳಿದರು. ಸೂಜಿ, ಹಿಂಬಾಗಿಲು, ಎರಡು ತಟ್ಟೆ ಅಮಲಾ, ಮಗಳ ಶಾಲೆಯ ಫಾರಂ, ಒಂದನ್ನೂ ಬಿಡಲಿಲ್ಲ. ಬೋರ್ಡಿನ ಮುಂದೆ ತಾನು ಮಾಡಿದ ತಮಾಷೆಯನ್ನೂ ಹೇಳಿದರು. ಅದಕ್ಕೆ ಈ ಸಲ ಯಾರೂ ನಗಲಿಲ್ಲ.

ಸೋಮವಾರ ಲ್ಯಾಬಿನ ಕಿಟಕಿಗೆ ನಲವತ್ತೆರಡು ಮೂಗುಗಳು ಒತ್ತಿಕೊಂಡಿದ್ದವು. ಮೇಷ್ಟ್ರು ತೋಳು ಚಾಚಿದರು. ಸೂಜಿ ಇನ್ನೂ ತಟ್ಟೆಯಲ್ಲೇ ಇತ್ತು, ಅವರು ನೆಲದಲ್ಲಿದ್ದರು. ಪ್ರಜ್ಞೆ ಬರುವಷ್ಟರಲ್ಲಿ ಲ್ಯಾಬಿನವನು ಕೆಲಸ ಮುಗಿಸಿದ್ದ. ಎಎಸ್. ಇಪ್ಪತ್ತೆಂಟು ವರ್ಷದಲ್ಲಿ ಅವರು ಮಾಡಿದ ಪಾಠಗಳಲ್ಲೆಲ್ಲ ಮಕ್ಕಳಿಗೆ ಪೂರ್ತಿ ಅರ್ಥವಾದದ್ದು ಇದೊಂದೇ.

ಸಂಜೆ ಮೊರೆನಿಕೆ ಸಾರು ಬಡಿಸಿದಳು. ಒಂದೇ ಸೌಟು. ಮೇಷ್ಟ್ರಿಗೆ ಜೀವ ಬಂತು.

"ನಿನಗೆ ಯಾವಾಗಿಂದ ಗೊತ್ತಿತ್ತು?"

"ನೀವು ಕಾಗದ ತಂದ ದಿನಾನೇ. ಅರ್ಧ ತೋಳಿನ ಅಂಗಿ ಹಾಕಿದ್ರಿ, ತೋಳಲ್ಲಿ ಚುಕ್ಕೆ ಇರ್ಲಿಲ್ಲ. ಪಕ್ಕದಲ್ಲಿ ನಿಂತಿದ್ದ ಲಾಡಿಪೊ ತೋಳಿಗೆ ಹತ್ತಿ ಅಂಟ್ಕೊಂಡಿತ್ತು."

"ಗೊತ್ತಿದ್ದೂ ಒಪ್ಪಿದ್ಯಾ?"

"ನನ್ನದನ್ನ ಎರಡು ಕಡೆ ಮಾಡಿಸ್ದೆ. ನಾನು ಎಎ. ಇನ್ನು ನೀವು ಏನೇ ಆಗಿದ್ರೂ ನನ್ನ ಮಗುಗೆ ಆ ನೋವು ಬರಲ್ಲ ಅಂತ ಖಾತ್ರಿ ಆದ್ಮೇಲೆ ಹ್ಞೂಂ ಅಂದೆ. ಕೊಲಾವೊಲೆ ಮೊದಲನೇ ಸಲ ಮನೆಗೆ ಬಂದಾಗ ನೀರು ಕೊಡೋಕೆ ಮುಂಚೆ ಅವನ ಅಕ್ಷರ ಕೇಳ್ದೆ. ಜೊತೆಗೆ ಹೋಗಿ, ಸೂಜಿ ಒಳಗೆ ಹೋಗೋದನ್ನ ಕಣ್ಣಾರೆ ನೋಡಿ ಬಂದೆ."

ಮೇಷ್ಟ್ರು ತುತ್ತು ಕೆಳಗಿಟ್ಟರು. "ಅವನು ಎಎಸ್ ಆಗಿದ್ದು, ನೀನು ಕೇಳದೆ ಇದ್ದಿದ್ರೆ?"

"ಅದನ್ನ ನಿಮ್ಮನ್ನೇ ಕೇಳ್ಕೊಳ್ಳಿ. ಅವಳ ಹೆಸರಿನ ಮುಂದೆ ಎಎ ಅಂತ ಬರೆದ ಪೆನ್ನು ನಿಮ್ಮ ಜೇಬಲ್ಲೇ ಇದೆ."

ಮೇಷ್ಟ್ರು ಜೇಬು ಮುಟ್ಟಿಕೊಂಡರು. ಹಾಗಾದರೆ ಇಷ್ಟು ದಿನ ಪೇಟೆಯಲ್ಲಿ ಅಷ್ಟೆಲ್ಲ ಕೇಳಿಸಿಕೊಂಡು ಯಾಕೆ ಸುಮ್ಮನಿದ್ದೆ ಎಂದು ಕೇಳಿದರು.

"ನಾನು ಹೇಳಿದ್ರೆ ಸುಳ್ಳು ಹೊರಗೆ ಬರ್ತಿತ್ತು, ಅಷ್ಟೆ. ನೀವು ಹೇಳಿದ್ರೆ ನನ್ನ ಗಂಡ ಹೊರಗೆ ಬರ್ತಾನೆ ಅಂತ ಕಾದೆ. ಹನ್ನೊಂದು ದಿನ ತಗೊಂಡ್ರಿ."

ಮದುವೆ ಶನಿವಾರವೇ ನಡೆಯಿತು. ಲಾಡಿಪೊ ಮೊದಲ ಸಾಲಿನಲ್ಲಿ ಕೂತು, ಈ ಚರ್ಚಿನ ಫೈಲಿನಲ್ಲಿ ತನ್ನ ರಕ್ತ ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡ. ಚರ್ಚಿನವರು ಮೇಷ್ಟ್ರಿಗೆ ಶಿಕ್ಷೆಯನ್ನೇನೂ ಕೊಡಲಿಲ್ಲ, ಜವಾಬ್ದಾರಿ ಕೊಟ್ಟರು. ಇನ್ನು ಮುಂದೆ ಮದುವೆಗೆ ಹೆಸರು ಕೊಡುವ ಪ್ರತಿ ಜೋಡಿಯ ಜೊತೆಗೂ ಲ್ಯಾಬಿಗೆ ಹೋಗಿ, ಸೂಜಿ ಚುಚ್ಚುವುದನ್ನು ಕಣ್ಣಾರೆ ನೋಡಿ, ಸಹಿ ಹಾಕಬೇಕು. ಈ ಉಪಾಯ ಯಾರದೆಂದು ಡೀಕನ್ ಫಡಿಪೆ ಹೇಳಲಿಲ್ಲ. ಮೊರೆನಿಕೆ ಆ ಹೊತ್ತಿಗೆ ಬಟ್ಟೆ ಮಡಿಸುತ್ತಿದ್ದಳು.

ಮೊದಲ ಜೋಡಿ ಮುಂದಿನ ವಾರವೇ ಬಂತು. ಹುಡುಗಿ ಸಲೀಸಾಗಿ ತೋಳು ಚಾಚಿ ಮುಗಿಸಿದಳು. ಮದುಮಗ ಆರಡಿ ಎತ್ತರದ ಲಾರಿ ಡ್ರೈವರು. ತಟ್ಟೆಯಲ್ಲಿ ಸೂಜಿ ಹೊಳೆದದ್ದೇ ಅವನ ಮುಖ ಬೂದಿಯಾಯಿತು. ಮೇಷ್ಟ್ರ ಕಿವಿಯ ಹತ್ತಿರ ಬಾಗಿ, ತನ್ನ ಗೆಳೆಯನೊಬ್ಬ ಹೊರಗೇ ನಿಂತಿದ್ದಾನೆ, ಅವನನ್ನು ಒಳಗೆ ಕಳಿಸಿದರೆ ಆಗುತ್ತದೆಯೇ ಎಂದು ಪಿಸುಗುಟ್ಟಿದ.

"ಧಾರಾಳವಾಗಿ ಕಳಿಸಪ್ಪ," ಎಂದರು ಗೋಕೆ ಮೇಷ್ಟ್ರು. "ಶನಿವಾರ ಮದುವೆಗೂ ಅವನನ್ನೇ ಕಳಿಸು."

ಹುಡುಗ ಹಲ್ಲು ಕಚ್ಚಿ ತೋಳು ಚಾಚಿದ. ಮೇಷ್ಟ್ರು ಧೈರ್ಯ ತುಂಬಲು ಅವನ ಇನ್ನೊಂದು ಕೈ ಹಿಡಿದುಕೊಂಡು, ನಿಯಮದಂತೆ ಕಣ್ಣಗಲಿಸಿ ಸೂಜಿಯನ್ನೇ ನೋಡಿದರು. ಸೂಜಿ ಒಳಗೆ ಹೋಯಿತು. ಹುಡುಗ ಗಟ್ಟಿಯಾಗಿ ಕೂತಿದ್ದ.

ಆ ದಿನದ ಸಹಿಯನ್ನು ಮೇಷ್ಟ್ರು ನೆಲದ ಮೇಲೆ ಮಲಗಿಕೊಂಡೇ ಹಾಕಿದರು.